ಆಪ್ ಇಲ್ಲದೆ ಆಕಾಶವಾಣಿ: ಸ್ಟ್ರೀಮ್ ವಿಳಾಸ ಹುಡುಕಿ, ಬೇಕಾದ ಪ್ಲೇಯರಿನಲ್ಲಿ ಕೇಳುವ ಬಗೆ

ನಮ್ಮ ಮನೆಯ ಹಳೇ ರೇಡಿಯೋದ ಗಾಜಿನ ಮೇಲೆ ಅಪ್ಪ ಬ್ಲೇಡಿನಿಂದ ಒಂದು ಸಣ್ಣ ಗೀರು ಹಾಕಿದ್ದರು. ಮೀಡಿಯಂ ವೇವ್ ಪಟ್ಟಿಯಲ್ಲಿ 6 ಎಂದು ಬರೆದಿದ್ದ ಜಾಗದಿಂದ ಕೂದಲೆಳೆಯಷ್ಟು ಬಲಕ್ಕೆ. ಅದು 612 ಕಿಲೋಹರ್ಟ್ಸ್, ಬೆಂಗಳೂರು ಆಕಾಶವಾಣಿ. ಮುಳ್ಳು ಗೀರಿನ ಮೇಲೆ ಬಂದು ನಿಂತರೆ ಪ್ರದೇಶ ಸಮಾಚಾರ ಕೇಳುತ್ತಿತ್ತು. ಸೆಟ್ಟು ಯಾವ ಕಂಪನಿಯದು, ಎಷ್ಟು ವರ್ಷ ಹಳೆಯದು, ಯಾರ ಕೈಯಲ್ಲಿ ರಿಪೇರಿಯಾಗಿದೆ ಎಂದು ಪ್ರಸಾರ ಮಾಡುವವರು ಯಾರನ್ನೂ ಕೇಳುತ್ತಿರಲಿಲ್ಲ. ಧಾರವಾಡಕ್ಕೆ 765, ಭದ್ರಾವತಿಗೆ 675 ಎಂದು ಅಂಕಿ ಗೊತ್ತಿದ್ದರೆ ಸಾಕಿತ್ತು.

ಎರಡು ವರ್ಷದ ಹಿಂದೆ ಅಮ್ಮನ ಫೋನಿನಲ್ಲಿದ್ದ ಒಂದು ರೇಡಿಯೋ ಆಪ್ ಹೊಸ ಆವೃತ್ತಿ ಹಾಕಿಕೊಳ್ಳದೆ ತೆರೆಯುವುದಿಲ್ಲ ಎಂದು ಹಟ ಹಿಡಿಯಿತು. ಹೊಸ ಆವೃತ್ತಿಗೆ ಹೊಸ ಆಂಡ್ರಾಯ್ಡ್ ಬೇಕು, ಹೊಸ ಆಂಡ್ರಾಯ್ಡಿಗೆ ಹೊಸ ಫೋನ್ ಬೇಕು. ಸ್ಪೀಕರ್ ಚೆನ್ನಾಗಿತ್ತು, ವೈಫೈ ಚೆನ್ನಾಗಿತ್ತು, ಪ್ರಸಾರವೂ ನಡೆದೇ ಇತ್ತು. ಆದರೆ ಅಮ್ಮನಿಗೆ ಬೆಳಗಿನ ಚಿಂತನ ಇಲ್ಲವಾಯಿತು. ಆವತ್ತು ಕೂತು, ಆ ಆಪ್ ಒಳಗೊಳಗೇ ಯಾವ ವಿಳಾಸಕ್ಕೆ ಹೋಗಿ ಧ್ವನಿ ತರುತ್ತಿತ್ತು ಎಂದು ಹುಡುಕಿದೆ. ಸಿಕ್ಕಿತು. ಅದನ್ನು ಬೇರೊಂದು ಪ್ಲೇಯರಿಗೆ ಅಂಟಿಸಿದ ಕೂಡಲೇ ಅದೇ ಫೋನಿನಲ್ಲಿ ಅದೇ ನಿಲಯ ಮಾತಾಡತೊಡಗಿತು. ಅಂದಿನಿಂದ ನನಗೆ ಸ್ಟ್ರೀಮಿನ ವಿಳಾಸ ಎಂದರೆ ಅಪ್ಪ ಹಾಕಿದ ಗೀರು.

ಆ ವಿಳಾಸವನ್ನು ನೀವೇ ಹುಡುಕುವುದು, ಯಾರ ಹಂಗೂ ಇಲ್ಲದ ಪ್ಲೇಯರಿಗೆ ಹಾಕುವುದು, ಸ್ವಂತಕ್ಕೆ ರೆಕಾರ್ಡ್ ಮಾಡಿಕೊಳ್ಳುವುದು, ಕೊನೆಗೆ ಇದನ್ನೆಲ್ಲ ಸುಲಭ ಮಾಡಿಕೊಡಿ ಎಂದು ಪ್ರಸಾರಕರಿಗೆ ಬರೆಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಆಕಾಶವಾಣಿಯನ್ನು ಮುಂದಿಟ್ಟುಕೊಂಡಿದ್ದೇನೆ, ಆದರೆ ಬೇರೆ ದೇಶಗಳ ಸಾರ್ವಜನಿಕ ಪ್ರಸಾರಕರಿಗೂ ದಾರಿ ಹೆಚ್ಚುಕಡಿಮೆ ಇದೇ. ಒಂದು ಭಾನುವಾರದ ಬೆಳಗ್ಗೆ ಸಾಕು.

ಡಬ್ಬಿ, ಅಡುಗೆ, ಬೀಗ

ಕೈ ಹಾಕುವ ಮುಂಚೆ ಒಂದಿಷ್ಟು ಪದಗಳ ಪರಿಚಯ ಆಗಲೇಬೇಕು, ಇಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದೇ ತಿಳಿಯುವುದಿಲ್ಲ. ಊಟದ ಕ್ಯಾರಿಯರನ್ನು ನೆನಪಿಸಿಕೊಳ್ಳಿ. ಡಬ್ಬಿ ಬೇರೆ, ಒಳಗಿನ ಅಡುಗೆ ಬೇರೆ. ಎಂಪಿ4, ಆಗ್, ವೆಬ್‌ಎಂ ಇವು ಡಬ್ಬಿಗಳು. ಧ್ವನಿಯನ್ನೋ ಚಿತ್ರವನ್ನೋ ಕುಗ್ಗಿಸಿ ಬರೆಯುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಎಂಪಿ3, ಎಎಸಿ, ಓಪಸ್, ಎಚ್.264, ಎವಿ1 ಇವು ಅಡುಗೆಗಳು. ಕ್ಯಾರಿಯರನ್ನು ನಿಮ್ಮ ಮನೆ ಬಾಗಿಲಿಗೆ ತಲುಪಿಸುವ ಪದ್ಧತಿ ಮೂರನೆಯದು, ಇಂದು ಹೆಚ್ಚಾಗಿ ಎಚ್‌ಎಲ್‌ಎಸ್ ಅಥವಾ ಡ್ಯಾಶ್. ಕೆಲವರು ಡಬ್ಬಿಗೆ ಬೀಗವನ್ನೂ ಹಾಕುತ್ತಾರೆ. ಅದು ಡಿಆರ್‌ಎಂ, ಡಿಜಿಟಲ್ ಹಕ್ಕುಗಳ ಕಾವಲು. ಇಲ್ಲಿ ಒಂದು ಗೊಂದಲ ಆಗದಿರಲಿ. ನಮ್ಮ ರೇಡಿಯೋ ವಲಯದಲ್ಲಿ ಡಿಆರ್‌ಎಂ ಎಂದರೆ ಡಿಜಿಟಲ್ ರೇಡಿಯೋ ಮಾಂಡಿಯಾಲ್, ಅಂದರೆ ಆಕಾಶವಾಣಿ ತನ್ನ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಪ್ರಸಾರಕಗಳಲ್ಲಿ ಅಳವಡಿಸಿದ ಡಿಜಿಟಲ್ ಪ್ರಸಾರ ಕ್ರಮ. ಅದರ ಮಾನದಂಡ ಎಲ್ಲರೂ ಓದಬಹುದಾದದ್ದು. ಹೆಸರು ಒಂದೇ ಆದರೂ ಇದಕ್ಕೂ ಬೀಗಕ್ಕೂ ಸಂಬಂಧವಿಲ್ಲ.

ಮುಕ್ತ ಮಾದರಿ ಎಂದರೇನು ಎಂದು ಕನ್ನಡಿಗರಿಗೆ ಹೇಳುವುದು ಕಷ್ಟವಲ್ಲ, ನಾವು ಅದಿಲ್ಲದ ಪಾಡು ಪಟ್ಟವರು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಕಡತವನ್ನು ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬ ಗಜಿಬಿಜಿ. ಬರೆದವರು ನಾವೇ, ಭಾಷೆ ನಮ್ಮದೇ, ಓದುವ ಕೀಲಿಕೈ ಮಾತ್ರ ಬೇರೆಯವರ ಜೇಬಿನಲ್ಲಿ. ಧ್ವನಿ ಮತ್ತು ವಿಡಿಯೋದ ವಿಷಯವೂ ಹಾಗೆಯೇ. ಬರೆಯುವ ಕ್ರಮದ ವಿವರ ಎಲ್ಲರಿಗೂ ಸಿಗಬೇಕು, ಅದನ್ನು ಬಳಸಿ ಯಾರು ಬೇಕಾದರೂ ಪ್ಲೇಯರ್ ಕಟ್ಟಬಹುದು, ಅದಕ್ಕೆ ಯಾರಿಗೂ ರಾಯಧನ ಕೊಡಬೇಕಿಲ್ಲ ಎಂದಿರಬೇಕು. ಅದು ಮುಕ್ತ. ಉಚಿತವಾಗಿ ಸಿಗುವ ಆಪ್ ಎಲ್ಲವೂ ಮುಕ್ತ ಅಲ್ಲ. ಅಮ್ಮನ ಆಪ್ ಕೂಡ ಉಚಿತವೇ ಆಗಿತ್ತು.

ಈ ಅಳತೆಗೋಲಿನಲ್ಲಿ ಓಪಸ್ ಎಲ್ಲಕ್ಕಿಂತ ಮುಂದಿದೆ. 2012ರಲ್ಲಿ ಇಂಟರ್ನೆಟ್ ಮಾನದಂಡವಾದ ಇದು ಮಾತಿಗೂ ಸಂಗೀತಕ್ಕೂ ಒಗ್ಗುತ್ತದೆ, ರಾಯಧನ ಇಲ್ಲ. ನೀವು ವಾಟ್ಸಾಪಿನಲ್ಲಿ ಕಳಿಸುವ ಧ್ವನಿ ಸಂದೇಶ ಓಪಸ್‌ನಲ್ಲೇ ಹೋಗುವುದು. ಎಂಪಿ3 ಒಂದು ಕಾಲಕ್ಕೆ ಪೇಟೆಂಟಿನ ಬೇಲಿಯೊಳಗಿತ್ತು. 2017ರ ಏಪ್ರಿಲ್‌ನಲ್ಲಿ ಫ್ರೌನ್‌ಹೋಫರ್ ಎಂಬ ಜರ್ಮನಿಯ ಪೇಟೆಂಟುದಾರ ಸಂಸ್ಥೆ ಪರವಾನಗಿ ಕೊಡುವ ವ್ಯವಸ್ಥೆಯನ್ನೇ ಮುಚ್ಚಿದ ಮೇಲೆ ಅದನ್ನು ನೆಮ್ಮದಿಯಾಗಿ ಬಳಸಬಹುದು. ಎಎಸಿಗೆ ಇನ್ನೂ ಪರವಾನಗಿ ಒಕ್ಕೂಟವಿದೆ, ಆದರೆ ಹಣ ಕೊಡಬೇಕಾದವರು ಸಾಧನ ಮತ್ತು ತಂತ್ರಾಂಶ ತಯಾರಿಸುವವರು, ಕೇಳುಗರಲ್ಲ. ಎಚ್‌ಎಲ್‌ಎಸ್ ಅನ್ನು ಆಪಲ್ 2009ರಲ್ಲಿ ತಂದಿತು, 2017ರಲ್ಲಿ ಅದರ ಪೂರ್ತಿ ವಿವರ ಸಾರ್ವಜನಿಕ ದಾಖಲೆಯಾಗಿ ಹೊರಬಂತು. ಹಾಗಾಗಿ ನನ್ನ ಲೆಕ್ಕ ಇಷ್ಟು: ಓಪಸ್ ಅಥವಾ ಎಂಪಿ3 ಸಿಕ್ಕರೆ ಸಂತೋಷ, ಎಚ್‌ಎಲ್‌ಎಸ್ ಒಳಗೆ ಎಎಸಿ ಸಿಕ್ಕರೆ ಕೆಲಸ ನಡೆಯುತ್ತದೆ. ಬೀಗ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ ಪ್ರಸಾರಕರಿಗೆ ಪತ್ರ ಬರೆಯುವುದು.

ವಿಳಾಸ ಹುಡುಕುವುದು

ಸುಲಭದ ದಾರಿ ಮೊದಲು. ರೇಡಿಯೋ ಬ್ರೌಸರ್ ಎಂಬ ಸಮುದಾಯದ ಡೈರೆಕ್ಟರಿ ಇದೆ. ಜಗತ್ತಿನ ರೇಡಿಯೋ ಸ್ಟ್ರೀಮುಗಳ ವಿಳಾಸಗಳನ್ನು ಕೇಳುಗರೇ ಸೇರಿಸುತ್ತಾರೆ, ಕೇಳುಗರೇ ತಿದ್ದುತ್ತಾರೆ, ಯಾರು ಬೇಕಾದರೂ ಬಳಸಬಹುದು. ಆಂಡ್ರಾಯ್ಡಿನ ಟ್ರಾನ್ಸಿಸ್ಟರ್, ಲಿನಕ್ಸಿನ ಶಾರ್ಟ್‌ವೇವ್ ಮುಂತಾದ ಮುಕ್ತ ತಂತ್ರಾಂಶಗಳು ಇದೇ ಡೈರೆಕ್ಟರಿಯಲ್ಲಿ ಹುಡುಕುತ್ತವೆ. ಟ್ರಾನ್ಸಿಸ್ಟರ್ ಆಪನ್ನು ಎಫ್-ಡ್ರಾಯ್ಡ್ ಎಂಬ ಮುಕ್ತ ಆಪ್‌ಗಳ ಭಂಡಾರದಿಂದ ಹಾಕಿಕೊಂಡು, ಕೂಡಿಸುವ ಗುರುತು ಒತ್ತಿ, ಇಂಗ್ಲಿಷಿನಲ್ಲಿ ಕನ್ನಡ ಎಂದೋ ಎಐಆರ್ ಎಂದೋ ಟೈಪ್ ಮಾಡಿ ನೋಡಿ. ನಿಮ್ಮ ನಿಲಯ ಸಿಕ್ಕಿ, ಸ್ಪಷ್ಟವಾಗಿ ನುಡಿದರೆ ಮುಂದಿನ ಎರಡು ಪ್ಯಾರಾ ದಾಟಿ ಹೋಗಬಹುದು.

ಸಿಗದಿದ್ದರೆ, ಅಥವಾ ಸಿಕ್ಕ ವಿಳಾಸ ಸತ್ತಿದ್ದರೆ, ಮೂಲಕ್ಕೇ ಹೋಗಬೇಕು. ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಅಥವಾ ಕ್ರೋಮ್ ತೆರೆಯಿರಿ. ಆಕಾಶವಾಣಿಯ ಜಾಲತಾಣದಲ್ಲಿ ಲೈವ್ ರೇಡಿಯೋ ಪುಟಕ್ಕೆ ಹೋಗಿ, ಆದರೆ ಇನ್ನೂ ಯಾವ ನಿಲಯವನ್ನೂ ಒತ್ತಬೇಡಿ. ಕೀಲಿಮಣೆಯ ಎಫ್12 ಒತ್ತಿದರೆ ಪುಟದ ಕೆಳಗೋ ಪಕ್ಕದಲ್ಲೋ ಒಂದು ಫಲಕ ತೆರೆದುಕೊಳ್ಳುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಪಟ್ಟಿಯನ್ನು ಆರಿಸಿ, ಫಿಲ್ಟರ್ ಎಂದಿರುವ ಚೌಕದಲ್ಲಿ ಎಚ್‌ಎಲ್‌ಎಸ್ ಪಟ್ಟಿ ಕಡತಗಳ ಹೆಸರಿನ ಕೊನೆಯಲ್ಲಿರುವ ಎಂ3ಯು8 ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ (m3u8) ಬರೆಯಿರಿ. ಈಗ ನಿಲಯದ ಪ್ಲೇ ಗುಂಡಿ ಒತ್ತಿ. ಧ್ವನಿ ಶುರುವಾಗುವ ಹೊತ್ತಿಗೆ ಫಲಕದಲ್ಲಿ ಒಂದೋ ಎರಡೋ ಸಾಲು ಕಾಣಿಸುತ್ತವೆ. ಮೊದಲ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ವಿಳಾಸವನ್ನು ಕಾಪಿ ಮಾಡಿಕೊಳ್ಳಿ. ಇಷ್ಟೇ. ಏನೂ ಕಾಣದಿದ್ದರೆ ಫಿಲ್ಟರ್ ಖಾಲಿ ಮಾಡಿ ಮೀಡಿಯಾ ಎಂಬ ಗುಂಡಿ ಒತ್ತಿ ನೋಡಿ, ನೇರ ಎಂಪಿ3 ಸ್ಟ್ರೀಮ್ ಇದ್ದರೆ ಅಲ್ಲಿ ಬಂದಿರುತ್ತದೆ.

ಕಾಪಿ ಮಾಡಿದ ವಿಳಾಸವನ್ನು ಒಮ್ಮೆ ಕಣ್ಣಾಡಿಸಿ. ಕೊನೆಯಲ್ಲಿ ಪ್ರಶ್ನೆ ಗುರುತು ಇದ್ದು ಅದರ ಮುಂದೆ ಅಕ್ಷರ, ಅಂಕಿಗಳ ಉದ್ದನೆಯ ಸರ ಇದ್ದರೆ ಅದು ಬಹುಶಃ ಸ್ವಲ್ಪ ಹೊತ್ತಿಗಷ್ಟೇ ಕೊಟ್ಟ ಚೀಟಿ. ಪ್ರಶ್ನೆ ಗುರುತಿನಿಂದಾಚೆಗಿನದನ್ನು ಅಳಿಸಿ ಪ್ರಯತ್ನಿಸಿ. ಆಗಲೂ ನುಡಿದರೆ ಆ ಚಿಕ್ಕ ವಿಳಾಸವನ್ನೇ ಬರೆದಿಟ್ಟುಕೊಳ್ಳಿ.

ಪ್ಲೇಯರಿಗೆ ಅಂಟಿಸುವುದು

ನಾನು ಎಲ್ಲರಿಗೂ ಹೇಳುವುದು ವಿಎಲ್‌ಸಿ. 1996ರಲ್ಲಿ ಪ್ಯಾರಿಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ, 2001ರಿಂದ ಮುಕ್ತ ಪರವಾನಗಿಯಲ್ಲಿದೆ. ಬೇಕಾದ ಕೋಡೆಕ್‌ಗಳನ್ನೆಲ್ಲ ತಾನೇ ಹೊತ್ತುಕೊಂಡು ಬರುತ್ತದೆ, ಹಳೇ ಫೋನುಗಳನ್ನೂ ಕೈಬಿಟ್ಟಿಲ್ಲ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಜೊತೆ ಎನ್ ಒತ್ತಿದರೆ ಓಪನ್ ನೆಟ್‌ವರ್ಕ್ ಸ್ಟ್ರೀಮ್ ಎಂಬ ಕಿಟಕಿ ಬರುತ್ತದೆ. ವಿಳಾಸ ಅಂಟಿಸಿ ಪ್ಲೇ ಒತ್ತಿ. ಆಂಡ್ರಾಯ್ಡಿನಲ್ಲಿ ಮೋರ್ ಎಂಬ ಪುಟದಲ್ಲಿ ನ್ಯೂ ಸ್ಟ್ರೀಮ್ ಎಂದಿರುತ್ತದೆ.

ನುಡಿಯುತ್ತಿರುವಾಗಲೇ ಕಂಟ್ರೋಲ್ ಜೊತೆ ಜೆ ಒತ್ತಿ. ಯಾವ ಕೋಡೆಕ್, ಸೆಕೆಂಡಿಗೆ ಧ್ವನಿಯ ಎಷ್ಟು ಸ್ಯಾಂಪಲ್, ಮೊನೋ ಅಥವಾ ಸ್ಟೀರಿಯೋ ಎಂಬ ವಿವರ ಅಲ್ಲಿ ಕಾಣುತ್ತದೆ. ಆಕಾಶವಾಣಿಯದನ್ನು ನಾನು ನೋಡಿದಾಗ ಕಂಡದ್ದು ಎಚ್‌ಎಲ್‌ಎಸ್ ಒಳಗೆ ಎಎಸಿ. ಬೀಗ ಇರಲಿಲ್ಲ. ಇದು ನಿಜಕ್ಕೂ ಒಳ್ಳೆಯ ಸಂಗತಿ. ದೂರದರ್ಶನ ಚಂದನವನ್ನು ಯೂಟ್ಯೂಬಿನಲ್ಲಿ ನೋಡುವವರು ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆರಿಸಿದರೆ ಅಲ್ಲಿಯೂ ಇದೇ ಮಾಹಿತಿ ಸಿಗುತ್ತದೆ. ವಿಪಿ9 ಮತ್ತು ಓಪಸ್ ಎಂದು ಕಂಡರೆ ನೀವು ನೋಡುತ್ತಿರುವುದು ಮುಕ್ತ ಮಾದರಿಯ ಚಿತ್ರ ಮತ್ತು ಧ್ವನಿ.

ಡೇಟಾದ ಲೆಕ್ಕ ಕೇಳುವವರು ಬಹಳ. ಸೆಕೆಂಡಿಗೆ 64 ಕಿಲೋಬಿಟ್ ಇದ್ದರೆ ಒಂದು ಗಂಟೆಗೆ ಸುಮಾರು 29 ಎಂಬಿ. 128 ಇದ್ದರೆ 58 ಎಂಬಿ. ಮಾತಿನ ಕಾರ್ಯಕ್ರಮವನ್ನು ಓಪಸ್‌ನಲ್ಲಿ 24 ಕಿಲೋಬಿಟ್‌ಗೆ ಕೊಟ್ಟರೂ ಸ್ಪಷ್ಟವಾಗಿ ಕೇಳುತ್ತದೆ, ಗಂಟೆಗೆ 11 ಎಂಬಿ ಸಾಕು. ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುವ ಮಲೆನಾಡಿನ ಮನೆಗೆ ಈ ವ್ಯತ್ಯಾಸ ದೊಡ್ಡದು.

ಇನ್ನೊಂದು ವಿಷಯ ಗೊತ್ತಿರಲಿ. ಎಚ್‌ಎಲ್‌ಎಸ್ ಪ್ರಸಾರವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಒಂದಾದ ಮೇಲೊಂದು ಕಳಿಸುತ್ತದೆ. ಪ್ಲೇಯರ್ ಮೂರು ತುಂಡಾದರೂ ಹಿಂದೆ ನಿಂತು ಶುರು ಮಾಡುತ್ತದೆ. ತುಂಡೊಂದು ಆರು ಸೆಕೆಂಡಿನದಾದರೆ ಅಲ್ಲೇ ಹದಿನೆಂಟು ಸೆಕೆಂಡು ಹೋಯಿತು. ಅಡುಗೆಮನೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ವಾರ್ತೆ ಶುರುವಾಗಿ ಎರಡು ವಾಕ್ಯ ಮುಗಿದ ಮೇಲೆ ಫೋನಿನಲ್ಲಿ ಅದೇ ವಾರ್ತೆ ಶುರುವಾಗುವುದು ಇದರಿಂದ. ಫೋನ್ ಕೆಟ್ಟಿಲ್ಲ. ಆದರೆ ಅದರ ಸಮಯದ ಬೀಪ್ ಕೇಳಿ ಗೋಡೆ ಗಡಿಯಾರ ತಿದ್ದಬೇಡಿ.

ವಿಳಾಸ ಸರಿಯಿದ್ದೂ ಹಳೇ ಫೋನಿನಲ್ಲಿ ತೆರೆಯದಿದ್ದರೆ ಮೊದಲು ಫೋನಿನ ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಇಳಿದು ದಿನಾಂಕ ಹಿಂದಕ್ಕೆ ಹೋಗಿದ್ದರೆ ಎಚ್‌ಟಿಟಿಪಿಎಸ್ ವಿಳಾಸಗಳು ತೆರೆಯುವುದೇ ಇಲ್ಲ. ನಾನು ಒಂದು ಮಧ್ಯಾಹ್ನವಿಡೀ ಇದಕ್ಕೇ ಕಳೆದಿದ್ದೇನೆ.

ಅಮ್ಮನಿಗೊಂದು ಪಟ್ಟಿ

ಪ್ರತಿ ಸಲ ವಿಳಾಸ ಅಂಟಿಸು ಎಂದು ಎಪ್ಪತ್ತೈದು ದಾಟಿದವರಿಗೆ ಹೇಳಲಾಗದು. ಅದಕ್ಕೆ ಪ್ಲೇಲಿಸ್ಟ್ ಕಡತ ಮಾಡಿಕೊಡಿ. ನೋಟ್‌ಪ್ಯಾಡಿನಂಥ ಯಾವುದೇ ಸಾದಾ ಸಂಪಾದಕ ಸಾಕು. ಮೊದಲ ಸಾಲಿನಲ್ಲಿ ಹ್ಯಾಶ್ ಚಿಹ್ನೆ, ಅದಕ್ಕೆ ಅಂಟಿಕೊಂಡೇ ಇ, ಎಕ್ಸ್, ಟಿ, ಎಂ, 3, ಯು ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಎರಡನೇ ಸಾಲಿನಲ್ಲಿ ಮತ್ತೆ ಹ್ಯಾಶ್, ಅದರ ಬೆನ್ನಿಗೆ ಇ, ಎಕ್ಸ್, ಟಿ, ಐ, ಎನ್, ಎಫ್, ಆಮೇಲೆ ಕೋಲನ್, ಮೈನಸ್ 1, ಒಂದು ಅಲ್ಪವಿರಾಮ, ಅದರ ಮುಂದೆ ಕನ್ನಡದಲ್ಲೇ ನಿಲಯದ ಹೆಸರು. ಮೈನಸ್ 1 ಎಂದರೆ ಇದಕ್ಕೆ ಕೊನೆಯಿಲ್ಲ, ನೇರ ಪ್ರಸಾರ ಎಂದರ್ಥ. ಮೂರನೇ ಸಾಲಿನಲ್ಲಿ ಸ್ಟ್ರೀಮ್ ವಿಳಾಸ. ಮುಂದಿನ ನಿಲಯಕ್ಕೆ ಎರಡು ಮತ್ತು ಮೂರನೇ ಸಾಲನ್ನು ಹೀಗೇ ಮತ್ತೆ ಬರೆಯುತ್ತ ಹೋಗಿ.

ಉಳಿಸುವಾಗ ಕಡತದ ಹೆಸರು ಚುಕ್ಕೆ ಎಂ3ಯು8 (.m3u8) ಎಂದು ಮುಗಿಯಲಿ. ಕೊನೆಯ ಆ 8 ಸುಮ್ಮನೆ ಬಂದದ್ದಲ್ಲ. ಕಡತ ಯುಟಿಎಫ್-8 ಸಂಕೇತದಲ್ಲಿದೆ ಎಂದು ಅದು ಹೇಳುತ್ತದೆ, ಆ ಸಂಕೇತ ಇರುವುದರಿಂದಲೇ ಬೆಂಗಳೂರು, ಧಾರವಾಡ, ಮಂಗಳೂರು ಎಂದು ಕನ್ನಡದಲ್ಲಿ ಬರೆದದ್ದು ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವುದು. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಿ. ವಿತ್ ಬಾಮ್ ಎಂದು ಇರುವುದು ಬೇಡ, ಕೆಲವು ಪ್ಲೇಯರುಗಳು ಅಲ್ಲಿ ಎಡವುತ್ತವೆ. ಕಡತವನ್ನು ಫೋನಿಗೆ ಕಳಿಸಿ, ವಿಎಲ್‌ಸಿಯಲ್ಲಿ ತೆರೆಯಿರಿ. ನಮ್ಮ ಮನೆಯ ಕಡತದಲ್ಲಿ ಎಂಟು ನಿಲಯಗಳಿವೆ, ಗಾತ್ರ ಒಂದು ಕೆಬಿ ಚಿಲ್ಲರೆ. ಅಮ್ಮ ಮೊದಲಿಗೆ ಮೈಸೂರು ಒತ್ತುತ್ತಾಳೆ, ಹಿಡಿಸದಿದ್ದರೆ ಒಂದು ಸಾಲು ಕೆಳಗೆ, ಧಾರವಾಡ. ಸಂಜೆ ಮಂಗಳೂರಿನಿಂದ ತಾಳಮದ್ದಳೆ ಇದೆ ಎಂದು ಗೊತ್ತಾದರೆ ಅವತ್ತು ಟಿವಿ ಹಚ್ಚುವುದಿಲ್ಲ.

ವಿಳಾಸ ಬದಲಾದಾಗ ಆ ಒಂದು ಸಾಲು ತಿದ್ದಿ ಕಡತವನ್ನು ಮತ್ತೆ ಕಳಿಸಿದರೆ ಮುಗಿಯಿತು.

ಸ್ವಂತಕ್ಕೆ ರೆಕಾರ್ಡ್ ಮಾಡಿಕೊಳ್ಳುವುದು

ಇದು ಕಾನೂನಿಗೆ ಸರಿಯೇ ಎಂದು ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ತಗ್ಗಬೇಕಾದ್ದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಪ್ರಸಾರವನ್ನು ತನ್ನ ಖಾಸಗಿ ಬಳಕೆಗಾಗಿ, ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಾಗಿ ಮಾತ್ರ ರೆಕಾರ್ಡ್ ಮಾಡುವುದು ಪ್ರಸಾರ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಯೂಟ್ಯೂಬಿಗೆ ಏರಿಸುವುದು, ಗುಂಪುಗಳಿಗೆ ಹಂಚುವುದು ಬೇರೆ ಮಾತು, ಅದಕ್ಕೆ ಅನುಮತಿ ಬೇಕು. ಹಾಗೆಯೇ ಬೀಗ ಹಾಕಿದ ಸ್ಟ್ರೀಮಿನ ಬೀಗ ಮುರಿಯಲು ಹೋಗಬೇಡಿ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಅದಕ್ಕೆ ಸಂಬಂಧಿಸಿದ್ದು.

ಕೈಯಿಂದ ರೆಕಾರ್ಡ್ ಮಾಡುವುದಾದರೆ ವಿಎಲ್‌ಸಿಯ ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆರಿಸಿ, ಕೆಂಪು ಗುಂಡಿ ಕಾಣಿಸುತ್ತದೆ. ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ನಿಲುಗಡೆ.

ಗಡಿಯಾರದ ಪ್ರಕಾರ ತಾನಾಗಿ ಆಗಬೇಕಾದರೆ ಎಫ್‌ಎಫ್‌ಎಂಪೆಗ್ ಬೇಕು. ಇದು ಆದೇಶ ಬರೆದು ಕೆಲಸ ಮಾಡಿಸುವ ಮುಕ್ತ ತಂತ್ರಾಂಶ. ಅದಕ್ಕೆ ನಾಲ್ಕು ವಿಷಯ ಹೇಳಿದರೆ ಸಾಕು. ಹೈಫನ್ ಐ ಬರೆದು ಸ್ಟ್ರೀಮ್ ವಿಳಾಸ. ಹೈಫನ್ ಟಿ ಬರೆದು ಎಷ್ಟು ಸೆಕೆಂಡು, ಅರ್ಧ ಗಂಟೆಗೆ 1800. ಹೈಫನ್ ಸಿ ಬರೆದು ಕಾಪಿ ಎಂಬ ಪದ. ಕೊನೆಗೆ ಕಡತದ ಹೆಸರು. ಕಾಪಿ ಎಂಬ ಪದವನ್ನು ಮರೆಯಬೇಡಿ. ಅದಿಲ್ಲದಿದ್ದರೆ ತಂತ್ರಾಂಶ ಬಂದ ಧ್ವನಿಯನ್ನು ಬಿಚ್ಚಿ ಮತ್ತೆ ಕುಗ್ಗಿಸುತ್ತದೆ, ಪ್ರತಿ ಸಲ ಕುಗ್ಗಿಸಿದಾಗಲೂ ತಂಬೂರಿಯ ನಾದದಲ್ಲಿ ಒಂದಿಷ್ಟು ಕಳೆದುಹೋಗುತ್ತದೆ, ಅದು ಮರಳಿ ಬರುವುದಿಲ್ಲ. ಬಂದ ಎಎಸಿಯನ್ನು ಎಎಸಿಯಾಗಿಯೇ ಇಡಿ. ಮುಕ್ತ ಮಾದರಿಯ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದ್ದ ಸಂಗ್ರಹವನ್ನೆಲ್ಲ ಓಪಸ್‌ಗೆ ಬದಲಾಯಿಸುವ ಉತ್ಸಾಹ ಬೇಡ. ಹಳೇ ಕ್ಯಾಸೆಟ್ಟಿನಿಂದ ಹೊಸದಾಗಿ ಕಂಪ್ಯೂಟರಿಗೆ ಇಳಿಸುವುದಾದರೆ ಆಗ ಫ್ಲ್ಯಾಕ್ ಬಳಸಿ. ಅದರಲ್ಲಿ ಏನೂ ಕಳೆಯುವುದಿಲ್ಲ, ಮಾದರಿ ಪೂರ್ತಿ ಮುಕ್ತ.

ಲಿನಕ್ಸಿನಲ್ಲಿ ಕ್ರಾನ್, ವಿಂಡೋಸಿನಲ್ಲಿ ಟಾಸ್ಕ್ ಶೆಡ್ಯೂಲರ್ ಈ ಆದೇಶವನ್ನು ಹೊತ್ತಿಗೆ ಸರಿಯಾಗಿ ಓಡಿಸುತ್ತದೆ. ಹೊರದೇಶದಲ್ಲಿರುವವರಿಗೆ ಇದು ವರ. ನಮ್ಮ ಬೆಳಗಿನ 7 ಗಂಟೆ ಎಂದರೆ ಲಂಡನ್‌ನಲ್ಲಿ ಚಳಿಗಾಲದಲ್ಲಿ ರಾತ್ರಿ 1.30, ಬೇಸಿಗೆಯಲ್ಲಿ 2.30. ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾದಾಗಲೆಲ್ಲ ರೆಕಾರ್ಡಿಂಗ್ ಒಂದು ಗಂಟೆ ಆಚೀಚೆ ಆಗುತ್ತದೆ. ಶೆಡ್ಯೂಲನ್ನು ಸ್ಥಳೀಯ ಸಮಯಕ್ಕೆ ಕಟ್ಟದೆ ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಕಟ್ಟಿ, ಬೆಳಗ್ಗೆ 7ಕ್ಕೆ 1.30 ಎಂದು. ಆಮೇಲೆ ಬದಲಾಯಿಸಬೇಕಾಗಿಲ್ಲ. ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ನಿಲಯ, ಕಾರ್ಯಕ್ರಮ ಈ ಕ್ರಮದಲ್ಲಿಡಿ. ಮೂರು ವರ್ಷದ ನಂತರ ಹುಡುಕುವಾಗ ತಾವಾಗಿಯೇ ಸಾಲಾಗಿ ನಿಂತಿರುತ್ತವೆ.

ಬೇರೆಯವರು ನಡೆದ ದಾರಿ

ಇದನ್ನು ಓದಿ, ನಮ್ಮಂಥವರು ಕೇಳಿದರೆ ಏನಾಗುತ್ತದೆ ಎಂದು ಅನಿಸಬಹುದು. ಆಗಿದೆ. 2007ರಲ್ಲಿ ಬಿಬಿಸಿ ತನ್ನ ಐಪ್ಲೇಯರ್ ಸೇವೆಯನ್ನು ತಂದಾಗ ಕಾರ್ಯಕ್ರಮ ಇಳಿಸಿಕೊಳ್ಳಲು ವಿಂಡೋಸ್ ಎಕ್ಸ್‌ಪಿಯೇ ಬೇಕಿತ್ತು, ಮೈಕ್ರೋಸಾಫ್ಟಿನ ಬೀಗವೂ ಜೊತೆಗಿತ್ತು. ಬಿಬಿಸಿಗೆಂದು ಟಿವಿ ಪರವಾನಗಿ ಶುಲ್ಕ ಕಟ್ಟುವ ಮನೆಗಳಲ್ಲಿ ಮ್ಯಾಕ್, ಲಿನಕ್ಸ್ ಇದ್ದವರು ಹೊರಗುಳಿದರು. ಸಾವಿರಾರು ಜನ ಬ್ರಿಟನ್ನಿನ ಪ್ರಧಾನಿ ಕಚೇರಿಯ ಜಾಲತಾಣದಲ್ಲಿ ಅರ್ಜಿಗೆ ಸಹಿ ಹಾಕಿದರು, ಮುಕ್ತ ತಂತ್ರಾಂಶದವರು ಆಗ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟಿಗೆ ದೂರು ಒಯ್ದರು. ಅದೇ ಡಿಸೆಂಬರ್ ಹೊತ್ತಿಗೆ ಯಾವ ಕಂಪ್ಯೂಟರಿನ ಬ್ರೌಸರಿನಲ್ಲೂ ನೋಡಬಹುದಾದ ಸ್ಟ್ರೀಮಿಂಗ್ ಬಂತು. ಬಂದದ್ದು ಅಡೋಬಿ ಕಂಪನಿಯ ಫ್ಲ್ಯಾಶ್ ಮೂಲಕ. ಅದೂ ಒಂದೇ ಕಂಪನಿಯ ಸೊತ್ತು, 2020ರ ಡಿಸೆಂಬರ್ 31ಕ್ಕೆ ಕಂಪನಿಯೇ ಅದರ ಬೆಂಬಲ ನಿಲ್ಲಿಸಿತು. ಒಬ್ಬರ ಸೊತ್ತಿನ ಮೇಲೆ ಸಾರ್ವಜನಿಕ ಪ್ರಸಾರ ನಿಂತರೆ ಹೀಗಾಗುತ್ತದೆ. ಆ ಹೊತ್ತಿಗೆ ಬ್ರೌಸರುಗಳೇ ವಿಡಿಯೋ ತೋರಿಸುವಷ್ಟು ಬೆಳೆದಿದ್ದರಿಂದ ದೊಡ್ಡ ಪ್ರಸಾರಕರು ಪಾರಾದರು.

ಅದೇ ಬಿಬಿಸಿಯ ಸಂಶೋಧನಾ ವಿಭಾಗ ಡಿರಾಕ್ ಎಂಬ ವಿಡಿಯೋ ಕೋಡೆಕನ್ನು ತಾನೇ ಕಟ್ಟಿ, 2004ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತ್ತು ಎಂಬುದನ್ನೂ ಹೇಳಬೇಕು. ಭೌತವಿಜ್ಞಾನಿ ಪಾಲ್ ಡಿರಾಕ್ ಹೆಸರು ಅದಕ್ಕೆ. ಮನೆಮನೆಗೆ ಅದು ತಲುಪಲಿಲ್ಲ, ಆದರೆ ಅದರ ಒಂದು ರೂಪ ವಿಸಿ-2 ಹೆಸರಿನಲ್ಲಿ ಸ್ಟುಡಿಯೋಗಳ ಬಳಕೆಗೆ ಅಂತರರಾಷ್ಟ್ರೀಯ ಮಾನದಂಡವಾಯಿತು. 2017ರಲ್ಲಿ ಪ್ರಾಮ್ಸ್ ಸಂಗೀತೋತ್ಸವವನ್ನು ರೇಡಿಯೋ 3ರಿಂದ ಫ್ಲ್ಯಾಕ್‌ನಲ್ಲಿ ಪ್ರಾಯೋಗಿಕವಾಗಿ ಸ್ಟ್ರೀಮ್ ಮಾಡಿದ್ದೂ ಅವರೇ. ಧಾರವಾಡ ನಿಲಯದ ಹಿಂದೂಸ್ತಾನಿ ಕಛೇರಿಯೊಂದು ಹಾಗೆ ಒಂದು ಸ್ವರವೂ ಕಳೆಯದೆ ಬಂದರೆ ಹೇಗಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ನನಗೆ ಅತ್ಯಂತ ಇಷ್ಟವಾದದ್ದು ನಾರ್ವೆಯ ಎನ್‌ಆರ್‌ಕೆ ಮಾಡಿದ್ದು. 2009ರಲ್ಲಿ ಬೆರ್ಗನ್ನಿನಿಂದ ಓಸ್ಲೋವರೆಗಿನ ಏಳು ಗಂಟೆಗೂ ಮೀರಿದ ರೈಲು ಪಯಣವನ್ನು ಅವರು ಒಂದು ನಿಮಿಷವೂ ಬಿಡದೆ ಪ್ರಸಾರ ಮಾಡಿದರು. ಆಮೇಲೆ ಅದನ್ನೇ ಬಿಟ್‌ಟೊರೆಂಟ್ ಮೂಲಕ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಇಳಿಸಿಕೊಂಡು ಬೇಕಾದಂತೆ ಬಳಸಿಕೊಳ್ಳಿ ಎಂದು ಕೊಟ್ಟರು. ಜರ್ಮನಿಯ ಜೆಡ್‌ಡಿಎಫ್ ತನ್ನ ಟೆರ್ರಾ ಎಕ್ಸ್ ಸರಣಿಯ ಚಿಕ್ಕ ವಿವರಣಾ ವಿಡಿಯೋಗಳನ್ನು ಅಂಥದೇ ಪರವಾನಗಿಯಲ್ಲಿ ಬಿಟ್ಟಿದೆ, ಅವು ವಿಕಿಪೀಡಿಯದ ಪುಟಗಳಲ್ಲಿ ಓಡುತ್ತಿವೆ. ಅಲ್ಲಿ ಎಂಪಿ4 ಹಾಕಲು ಬಿಡುವುದಿಲ್ಲ, ವೆಬ್‌ಎಂನಂಥ ಮುಕ್ತ ಮಾದರಿಯೇ ಆಗಬೇಕು. ಕನ್ನಡ ವಿಕಿಪೀಡಿಯದಲ್ಲಿ ಗಮಕದ ಪುಟಕ್ಕೆ ಆಕಾಶವಾಣಿಯ ಎರಡು ನಿಮಿಷದ ಗಮಕ ವಾಚನ ಬರಬೇಕಾದರೆ ಬೇಕಾದದ್ದು ಇವೆರಡೇ, ಪರವಾನಗಿ ಮತ್ತು ಮಾದರಿ.

ಬರೆದು ಕೇಳುವುದು

ಆಕಾಶವಾಣಿಗೆ ಪತ್ರ ಬರೆಯುವುದು ನಮಗೆ ಹೊಸದಲ್ಲ. ಚಿತ್ರಗೀತೆಯ ಕೋರಿಕೆಗೆ ಮನೆಮಂದಿಯ ಹೆಸರೆಲ್ಲ ತುಂಬಿಸಿ ಕಾರ್ಡು ಹಾಕಿದವರು ನಾವು. ಆಕಾಶವಾಣಿ ಎಂಬ ಹೆಸರೇ ನಮ್ಮ ಊರಿನದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ್ದು ಆಕಾಶವಾಣಿ ಎಂಬ ಹೆಸರಿನಲ್ಲಿ. ಸಂಕೋಚವಿಲ್ಲದೆ ಬರೆಯಬಹುದು.

ನಿಲಯದ ಮುಖ್ಯಸ್ಥರಿಗೆ ಒಂದು ಪ್ರತಿ, ದೆಹಲಿಯ ಪ್ರಸಾರ್ ಭಾರತಿಗೆ ಒಂದು ಪ್ರತಿ ಕಳಿಸಿ. ಒಂದೇ ಪುಟದಲ್ಲಿರಲಿ, ಮುಕ್ತ ಮಾದರಿಗಳು ಬೇಕು ಎಂದಷ್ಟೇ ಬರೆದರೆ ಓದುವವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಆದ್ದರಿಂದ ಮಾಡಬಹುದಾದ ಕೆಲಸಗಳನ್ನೇ ಕೇಳಿ. ನಾನು ಕೇಳಿದ್ದು ಇವು. ಜಾಲತಾಣದಲ್ಲಿ ಪ್ರತಿ ನಿಲಯದ ತರಂಗಾಂತರದ ಪಕ್ಕದಲ್ಲೇ ಅದರ ಸ್ಟ್ರೀಮ್ ವಿಳಾಸವನ್ನೂ ಪ್ರಕಟಿಸಿ. ವಿಳಾಸ ಬದಲಾಯಿಸಿದರೆ ಹಳೆಯದಕ್ಕೆ ಬಂದವರನ್ನು ಆರು ತಿಂಗಳಾದರೂ ಹೊಸದಕ್ಕೆ ತಾನಾಗಿ ಕಳಿಸುವ ವ್ಯವಸ್ಥೆ ಮಾಡಿ. 2015ರಲ್ಲಿ ಬಿಬಿಸಿ ಹಳೇ ಸ್ಟ್ರೀಮುಗಳನ್ನು ನಿಲ್ಲಿಸಿದಾಗ ಎಷ್ಟೋ ಮನೆಗಳ ಇಂಟರ್ನೆಟ್ ರೇಡಿಯೋ ಸೆಟ್ಟುಗಳು ಮೂಕವಾಗಿದ್ದವು, ಇಲ್ಲಿ ಹಾಗಾಗಬಾರದು. ಎಚ್‌ಎಲ್‌ಎಸ್ ಜೊತೆಗೆ ಒಂದು ಸಾದಾ ಎಂಪಿ3 ಅಥವಾ ಓಪಸ್ ಸ್ಟ್ರೀಮ್ ಕೊಡಿ, ಗುಂಡಿ ಮಾತ್ರ ಇರುವ ಸಣ್ಣ ಸೆಟ್ಟುಗಳನ್ನು ಬಳಸುವ ದೃಷ್ಟಿಹೀನ ಕೇಳುಗರಿಗೆ ಅದೇ ಆಧಾರ. ಭಾಷಣ, ಸಂದರ್ಶನ, ಕೃಷಿ ಕಾರ್ಯಕ್ರಮಗಳನ್ನು ದಿನಾಂಕದ ಸಮೇತ ಇಳಿಸಿಕೊಳ್ಳಲು ಬಿಡಿ, ಯಾವ ಪರವಾನಗಿ ಎಂದು ಅಲ್ಲೇ ಬರೆಯಿರಿ.

ಭಾರತ ಸರ್ಕಾರ 2010ರಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ಹೊರಡಿಸಿದೆ. ಅದು ಪ್ರಸಾರಕ್ಕೆಂದು ಬರೆದದ್ದಲ್ಲ, ಆದರೂ ರಾಯಧನವಿಲ್ಲದ ಮಾನದಂಡವನ್ನೇ ಸರ್ಕಾರ ಬಯಸುತ್ತದೆ ಎಂದು ತೋರಿಸಲು ಪತ್ರದಲ್ಲಿ ಒಂದು ಸಾಲು ಹಾಕಬಹುದು.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಇದೆ. ಪ್ರಸಾರ್ ಭಾರತಿ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಭಾರತದ ಪೌರತ್ವ ಇಟ್ಟುಕೊಂಡು ಹೊರದೇಶದಲ್ಲಿರುವವರೂ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಯಾಕೆ ಮಾಡಿಲ್ಲ ಎಂದು ಕೇಳಿದರೆ ಆ ಕಾಯ್ದೆಯಡಿ ಉತ್ತರ ಸಿಗುವುದಿಲ್ಲ, ಇರುವ ದಾಖಲೆಯನ್ನು ಕೇಳಬೇಕು. ನಿಮ್ಮ ನಿಲಯದ ಸ್ಟ್ರೀಮಿನ ಕೋಡೆಕ್ ಮತ್ತು ಬಿಟ್‌ರೇಟ್ ಏನು, ಸ್ಟ್ರೀಮಿಂಗ್ ಸೇವೆಯ ಟೆಂಡರ್ ದಾಖಲೆಯಲ್ಲಿ ಮಾದರಿಗಳ ಬಗ್ಗೆ ಇರುವ ಪುಟಗಳ ಪ್ರತಿ, ಧ್ವನಿ ಭಂಡಾರವನ್ನು ಯಾವ ಮಾದರಿಯಲ್ಲಿ ಉಳಿಸಬೇಕೆಂಬ ಆದೇಶ ಇದ್ದರೆ ಅದರ ಪ್ರತಿ. ಈ ಮೂರು ಕೇಳಿ.

ಉತ್ತರದಲ್ಲಿ ಅಥವಾ ನಿಮ್ಮ ಹುಡುಕಾಟದಲ್ಲಿ ಹೊಸ ವಿಳಾಸವೊಂದು ಸಿಕ್ಕರೆ ಅದನ್ನು ನಿಮ್ಮ ಕಡತದಲ್ಲಷ್ಟೇ ಇಟ್ಟುಕೊಳ್ಳಬೇಡಿ. ರೇಡಿಯೋ ಬ್ರೌಸರಿನ ಪುಟದಲ್ಲಿ ನಿಲಯ ಸೇರಿಸುವ ನಮೂನೆ ಇದೆ, ಖಾತೆ ಬೇಕಿಲ್ಲ. ನಿಲಯದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಭಾಷೆಯ ಜಾಗದಲ್ಲಿ ಕನ್ನಡ ಎಂದು ಹಾಕಿ. ಆಮೇಲೆ ಟ್ರಾನ್ಸಿಸ್ಟರ್ ಆಪಿನಲ್ಲಿ ಒಮ್ಮೆ ಹುಡುಕಿ, ಒತ್ತಿ, ನುಡಿಯುತ್ತದೆಯೇ ಕೇಳಿಸಿಕೊಳ್ಳಿ.